ಊರಿಗೊಂದು ಹಳ್ಳದ ಹೊಲ

ಹುಮನಾಬಾದಿನ ಬಸ್ ನಿಲ್ದಾಣದ ಹಿಂದೆ ನಮ್ಮದೊಂದು ಪುಟ್ಟ ನಕ್ಷೆಯ ಅಂಗಡಿ. ಬಸವಕಲ್ಯಾಣದಿಂದ ನನ್ನ ಜೊತೆಗೇ ಬಸ್ಸಿನಲ್ಲಿ ಬರುವ ಗೆಳತಿ ಹೊಲಗಳ ಮೇಲೆ ಡ್ರೋನ್ ಹಾರಿಸಿ ಚಿತ್ರ ತರುತ್ತಾಳೆ. ಅವನ್ನು ಮೊಬೈಲಿನಲ್ಲಿ ತೆರೆಯುವ ನಕ್ಷೆಗಳಾಗಿ ಬದಲಿಸುವುದು ನನ್ನ ಕೆಲಸ. ಊರಿಗೊಂದು ಫೋಲ್ಡರ್ ಮಾಡಿ ಒಪ್ಪಿಸಿದರೆ, ಕಂಪ್ಯೂಟರ್ ಎಲ್ಲವನ್ನೂ ಸಾಲಾಗಿ ಬದಲಿಸಿ ಒಂದೇ ಕಡೆ ತಂದು ಹಾಕುತ್ತದೆ.

ಆ ದಿನ ಘಾಟಬೋರಾಳದಿಂದ ಒಬ್ಬಾಕೆ ಕುರಿಗಳನ್ನು ಗಂಡನಿಗೆ ಒಪ್ಪಿಸಿ ಬಂದು ಬೆಂಚಿನ ಮೇಲೆ ಕೂತಿದ್ದಳು. ಅವಳ ಹೊಲದಲ್ಲಿ ಕೃಷಿ ಹೊಂಡ ತೋಡಬೇಕಿತ್ತು. ನೀರು ಎತ್ತ ಇಳಿಯುತ್ತದೆಂದು ನಕ್ಷೆ ನೋಡಿಯೇ ಜಾಗ ಗುರುತಿಸುವುದು.

"ನಾಳಿ ಹೊಂಡ ತೋಡೋ ಮಷೀನ್ ಬರ್ತದ್ರಿ. ನಕ್ಷಾ ಇಲ್ಲಂದ್ರ ಮುಂದಿನ ಊರಿಗಿ ಹೋಗ್ತದ" ಅಂದಳು.

'ಎಲ್ಲ ಮುಗಿಯಿತು' ಎಂದಿತು ಪರದೆ. 'ಹಳ್ಳದ ಹೊಲ' ಎಂಬ ಫೈಲು ತೆರೆದು ತೋರಿಸಿದೆ.

"ಇದು ನಮ್ದಲ್ರಿ ಅಕ್ಕೋರ. ನಮ್ಮ ಬೇವಿನ ಗಿಡ ಎಲ್ಲದ?"

ಎಣಿಸಿದರೆ, ಕೊಟ್ಟಷ್ಟು ಫೈಲುಗಳು ಹೊರಗೆ ಬಂದೇ ಇರಲಿಲ್ಲ. ಡಿಸ್ಕಿನಲ್ಲಿ ಜಾಗ ಬೇಕಾದಷ್ಟಿತ್ತು. ಮತ್ತೊಮ್ಮೆ ಓಡಿಸಿದೆ. ಮತ್ತೆ ಅಷ್ಟೇ. ತಪ್ಪೆಂದು ಒಂದಕ್ಷರ ಹೇಳದೆ ಮಾಲು ನುಂಗುವ ಈ ಯಂತ್ರವನ್ನು ಬಾಯಿಗೆ ಬಂದಂತೆ ಬೈದೆ. ನನ್ನ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ. ಆಕೆ ಮಾತ್ರ ಸೆರಗು ಸುತ್ತಿಕೊಂಡು ಆ ನಕ್ಷೆಯಲ್ಲೇ ಬೇವಿನ ಗಿಡ ಹುಡುಕುತ್ತಿದ್ದಳು. ಅದನ್ನು ನೋಡಿ ನನಗೆ ಇನ್ನಷ್ಟು ಸಂಕಟವಾಯಿತು.

ಅಷ್ಟರಲ್ಲಿ ಮುಡಬಿಯ ರೈತರೊಬ್ಬರ ಫೋನು. "ನಮ್ಮ ಹಳ್ಳದ ಹೊಲದ್ದು ಆಯ್ತೇನ್ರಿ?"

ಫೋನು ಹಿಡಿದುಕೊಂಡೇ ನಕ್ಕುಬಿಟ್ಟೆ. ನಮ್ಮ ಕಡೆ ಸರ್ವೆ ನಂಬರು ಹೇಳಿ ಹೊಲ ತೋರಿಸುವವರು ಯಾರು? ಹಳ್ಳದ ಹೊಲ, ಗುಡಿ ಹೊಲ, ದಾರಿ ಹೊಲ ಅನ್ನುತ್ತಾರೆ. ಗೆಳತಿ ಅದನ್ನೇ ಫೈಲಿನ ಹೆಸರಾಗಿ ಬರೆದಿದ್ದಳು. ಒಂದೇ ಹೆಸರಾದ್ದರಿಂದ ಘಾಟಬೋರಾಳದ ಹಳ್ಳದ ಹೊಲದ ಮೇಲೆ ನಿರ್ಣಾ ಊರಿನದು, ಅದರ ಮೇಲೆ ಮುಡಬಿಯದು ಕೂತು, ಕೊನೆಯದಷ್ಟೇ ಉಳಿದಿತ್ತು. ಮೂಲ ಚಿತ್ರಗಳು ತಮ್ಮ ತಮ್ಮ ಫೋಲ್ಡರಿನಲ್ಲಿ ಸುರಕ್ಷಿತವಾಗಿದ್ದವು.

"ಅವ್ರು ಹೇಳಿದ್ದ ಬರ್ದೀನಿ. ಮತ್ತ ನಾ ಹೊಸಾ ಹೆಸ್ರು ಇಡ್ಲೇನು?" ಎಂದು ಪಕ್ಕದ ಮೇಜಿನಲ್ಲಿದ್ದ ಗೆಳತಿ ನನ್ನನ್ನೇ ಕೇಳಿದಳು.

ಪ್ರತಿ ಹೆಸರಿಗೂ ಊರು ಸೇರಿಸುತ್ತ ಹೋದೆ. ಆಕೆಯ ಸರದಿ ಬಂದಾಗ ಕೇಳಿದೆ: "ಅವ್ವಾ, ನಿಮ್ದು ಘಾಟಬೋರಾಳ ಹಳ್ಳದ ಹೊಲ ಅಂತ ಬರೀಲಿ?"

ಆಕೆ ಪರದೆಯ ಹತ್ತಿರಕ್ಕೆ ಬಗ್ಗಿದಳು. "ಹೊಂಡದ ಹೊಲ ಅಂತ ಬರೀರಿ."

ಹೊಂಡಕ್ಕೆ ಇನ್ನೂ ಒಂದು ಬುಟ್ಟಿ ಮಣ್ಣೂ ತೆಗೆದಿರಲಿಲ್ಲ. ಆದರೂ ಹಾಗೆಯೇ ಬರೆದೆ. ಈ ಸಲ ಓಡಿಸಿ ನಕ್ಷೆ ತೆರೆದಾಗ ಬೇವಿನ ಗಿಡ ಇತ್ತು. ಆಕೆ ಇಳಿಜಾರಿನ ತುದಿಗೆ ಬೆರಳಿಟ್ಟು, "ನೀರು ಇಲ್ಲಿ ನಿಲ್ತದ" ಅಂದಳು.

ಆ ಹೆಸರಿನ ಫೈಲು ಅಲ್ಲಿ ಅದೊಂದೇ ಇತ್ತು.