ಉಸಿರು ಕಟ್ಟಿಸಿ ಉಳಿಸಿದವರು

ದ್ರವ ಇಂಧನ ಕೋಶಗಳ ವೇಗವರ್ಧಕವನ್ನು ಬಹುಕಾಲ ಬಾಳಿಸುವ ವಿದ್ಯೆಯಲ್ಲಿ ಜಪಾನಿನ ನಮ್ಮ ಈಶಾನ್ಯ ಸೀಮೆಯಿಂದ ಮೊದಲು ಹೇಳಬೇಕಾದ ಹೆಸರು ಪ್ರೊಫೆಸರ್ ಒಗಸವಾರ ಚಿಜುರು ಅವರದು. ಮೆಥನಾಲಿನಿಂದ ವಿದ್ಯುತ್ತು ತೆಗೆಯುವ ಪೆಟ್ಟಿಗೆಯೊಳಗೆ ಪ್ಲಾಟಿನಮ್ ಪುಡಿ ದಿನೇದಿನೇ ಮಂಕಾಗುವುದನ್ನು ಎಲ್ಲರೂ ಕಂಡಿದ್ದರು. ಅದರ ಮಗ್ಗುಲಲ್ಲಿ ಕೂತು ಕಾದವರು ಇವರು. ನಿವೃತ್ತರಾಗುತ್ತಿರುವ ಈ ಗುರುಗಳ, ನಮ್ಮೆಲ್ಲರ ‘ಸೆನ್ಸೇ’ ಅವರ, ಶಿಷ್ಯನಾಗಿ ನಾನು ಅಕಿತಾ ಬೆಟ್ಟದ ಒಂದು ಚಳಿಗಾಲವನ್ನಷ್ಟೇ ನೆನೆಯುತ್ತೇನೆ.

ಅಲ್ಲಿನ ಒಂದು ಹಳ್ಳಿಯ ನೆತ್ತಿಯ ಇಳಿಜಾರಿನಲ್ಲಿ, ಹಿಮ ಜಾರಿದರೆ ಕೂಗಿ ಎಚ್ಚರಿಸುವ ಯಂತ್ರವಿತ್ತು. ಬಿಸಿಲಿಲ್ಲದ ತಿಂಗಳುಗಳಲ್ಲಿ ನಮ್ಮ ಕೋಶವೇ ಅದರ ಜೀವ. ದಾರಿ ಮುಚ್ಚಿದ್ದರಿಂದ ವಸಂತದವರೆಗೆ ಬೇರೆ ಕೋಶ ತರುವಂತಿರಲಿಲ್ಲ. ಆ ವರ್ಷ ಅದು ಸೋಲತೊಡಗಿತು. ಆದರೆ ಕೆಲವು ಮುಂಜಾವು, ಯಾರೂ ಮುಟ್ಟದೆ, ಸತ್ತಂತೆ ಕುಸಿದು, ತುಸು ಹೊತ್ತಿಗೆ ಹೊಸದರಂತೆ ಎದ್ದು ನಿಲ್ಲುತ್ತಿತ್ತು. ಹತ್ತಿ ನೋಡಿದೆವು. ಹಿಮದ ಮೇಲೆ ಒಂದು ಹೆಜ್ಜೆಯೂ ಇರಲಿಲ್ಲ.

"ನಮ್ಮ ಯಜಮಾನ್ರು ಬರ್ತಾರೆ," ಅಂದರು ಆ ಊರಿನ ಟೋಮೆ ಅಜ್ಜಿ. ಅವರ ಗಂಡ ಹಿಂದೊಮ್ಮೆ ಅದೇ ಇಳಿಜಾರಿನಿಂದ ಜಾರಿದ ಹಿಮದಡಿ ಹೂತುಹೋದವರು. "ಬದುಕಿದ್ದಾಗ ಒಂದು ಬಲ್ಬ್ ಬದಲಾಯಿಸಿದೋರಲ್ಲ, ಈಗ ನೋಡಿ!"

ನಾವು ನಕ್ಕೆವು. ಸೆನ್ಸೇ ನಗಲಿಲ್ಲ.

"ಬಂದು ಏನ್ ಮಾಡ್ತಾರಜ್ಜಿ?"

"ಇನ್ನೇನು, ಮೂಗು ಮುಚ್ತಾರೆ. ಗೊರಕೆ ಹೊಡೆದ್ರೆ ನನಗೂ ಹಾಗೇ ಮಾಡ್ತಿದ್ರು."

ಸೆನ್ಸೇ ನೇರ ಹೋಗಿ ಗಾಳಿಕಿಂಡಿ ನೋಡಿದರು. ಹಾರಿಬಂದ ಹಿಮ ಅದನ್ನು ಮುಚ್ಚಿ, ಪೆಟ್ಟಿಗೆಯ ಬಿಸಿಗೆ ಕರಗಿದ ಗುರುತಿತ್ತು. ಗಾಳಿ ಸಿಗದ ಆ ಹೊತ್ತಿನಲ್ಲಿ ಪ್ಲಾಟಿನಮ್ ಮೇಲೆ ಕಟ್ಟಿ ಅದನ್ನು ಮಂಕಾಗಿಸಿದ್ದ ಪೊರೆ ಕಳಚುತ್ತಿತ್ತು. ಹಾಗಾದರೆ ನಾವೇ ದಿನಕ್ಕೊಮ್ಮೆ ಅದರ ಉಸಿರು ಕಟ್ಟಿಸಬೇಕು. ಅಷ್ಟು ಹೊತ್ತು ಯಂತ್ರ ಕುರುಡು.

"ಮತ್ತೆ ಏಳದೇ ಹೋದ್ರೆ?" ಎಂದರು ಊರಿನವರು.

"ಅದಕ್ಕೇ ನಾನು ಇಲ್ಲೇ ಇರ್ತೀನಿ."

ಇಳಿಜಾರಿಗೆ ಅತಿ ಸಮೀಪದ ಟೋಮೆ ಅಜ್ಜಿಯ ಮನೆಯಲ್ಲಿ ಸೆನ್ಸೇ ಹಾಸಿಗೆ ಹಾಸಿದರು. ಅಜ್ಜಿಯ ಛಾವಣಿಯ ಹಿಮ ಎಳೆದರು, ಮರಗಟ್ಟಿದ ನನ್ನ ಕೈಗೆ ತಮ್ಮ ಕೈಗವಸು ತೊಡಿಸಿ ಬರಿಗೈಯಲ್ಲಿ ತಿರುಪು ಬಿಗಿದರು.

ಕಿಂಡಿಗೆ ಮುಚ್ಚಳ ಕೂರಿಸಿ ಮೊದಲ ಸಲ ಮುಚ್ಚಿದ ಬೆಳಗು, ಅಡುಗೆಮನೆಯ ಹಸಿರು ದೀಪ ಆರಿತು. ಯಂತ್ರ ಎಚ್ಚರವಿದೆಯೆನ್ನಲು ನಮಗಿದ್ದ ಗುರುತು ಅದೊಂದೇ. ಮೇಲೆ ಎಲ್ಲೋ ಹಿಮ ಮೆಲ್ಲಗೆ ನರಳಿತು. ತೊಲೆಯಿಂದ ಧೂಳುದುರಿತು.

"ಸೆನ್ಸೇ, ನೀವಾದ್ರೂ ಉಸಿರು ಬಿಡಿ. ಮುಖ ನೀಲಿ ಆಗ್ತಿದೆ," ಎಂದರು ಅಜ್ಜಿ.

ದೀಪ ಹತ್ತಿತು. ಕಿಂಡಿ ತೆರೆಯುವ ಗುಂಡಿ ನನ್ನ ಬೆರಳ ಕೆಳಗಿತ್ತು, ನಾನಿನ್ನೂ ಒತ್ತಿರಲಿಲ್ಲ.

ಅಜ್ಜಿ ಇನ್ನೊಂದು ಬಟ್ಟಲು ಚಹಾ ಬಗ್ಗಿಸಿ ಬಾಗಿಲ ಬಳಿ ಇಟ್ಟರು.

ಕೋಶ ವಸಂತದವರೆಗೂ ಬಾಳಿತು. ಹಿಮ ಜಾರಿದ ದಿನ ಯಂತ್ರ ಕೂಗಿತು, ಊರೆಲ್ಲ ಉಳಿಯಿತು. ಇಂದು ಅನೇಕ ಪ್ರಯೋಗಶಾಲೆಗಳು ಸೆನ್ಸೇ ಅವರ ಈ ಕ್ರಮವನ್ನು ಅನುಸರಿಸುತ್ತವೆ. ಆ ಮೊದಲ ಬೆಳಗಿನ ಫಲಿತಾಂಶವನ್ನು ಮಾತ್ರ ಅವರು ತಮ್ಮ ಪ್ರಬಂಧದಲ್ಲಿ ಅಳಿಸಲೂ ಇಲ್ಲ, ವಿವರಿಸಲೂ ಇಲ್ಲ. "ಕಾರಣ ತಿಳಿಯದು" ಎಂದು ಬರೆದರು.

ಅಜ್ಜಿ ಈಗಿಲ್ಲ. ನಿವೃತ್ತಿಯ ನಂತರ ಸೆನ್ಸೇ ಆ ಮನೆಯಲ್ಲೇ ನೆಲೆಸಲಿದ್ದಾರೆ. ಅವರಿಗೆ ದೀರ್ಘಾಯುಸ್ಸು ದೊರೆಯಲಿ, ಉಳಿದ ಆ ಕಾರಣವೂ ಅವರ ಕೈಗೇ ಸಿಗಲಿ. ಸಿಗುವ ತನಕ, ಅಲ್ಲಿ ಅವರು ಒಬ್ಬರೇ ಇರುವುದಿಲ್ಲವೆಂದೇ ನನ್ನ ನಂಬಿಕೆ.