ಕಾಕು ಕಟ್ಟಿಕೊಟ್ಟ ಒಲೆ

ಮೊನ್ನೆ ಕೊಣ್ಣೂರಿನ ತವರುಮನೆಗೆ ಹೋದಾಗ ಅಡುಗೆಮನೆಯ ಗೂಡಿನಲ್ಲಿ ಹೆಬ್ಬೆರಳಿನಷ್ಟು ಸಣ್ಣ ಬಾಟಲಿ ಸಿಕ್ಕಿತು. ಕೈಗೆ ತೆಗೆದುಕೊಂಡರೆ ಕಲ್ಲಿನ ಭಾರ. ಒಳಗೆ ಪಾದರಸ. ನಾನು ಸಣ್ಣವಳಿದ್ದಾಗ ಪಕ್ಕದ ಮನೆಯ ಕಾಕು ಆಡಲಿಕ್ಕೆ ಕೊಟ್ಟದ್ದು...

ಕಾಕು ಗೋಕಾಕದಲ್ಲಿ ಅಕ್ಕಸಾಲಿಗರಿರುವ ಪತ್ತಾರ ಓಣಿಯ ಗಟಾರದಿಂದ ಕೆಸರು ತಂದು, ತೊಳೆದು, ಅದರಲ್ಲಿದ್ದ ಬಂಗಾರದ ಪುಡಿ ತೆಗೆಯುತ್ತಿದ್ದಳು. ಕೆಸರಿಗೆ ಪಾದರಸ ಹಾಕಿ ತಿಕ್ಕಿದರೆ ಅದು ಪುಡಿಯನ್ನೆಲ್ಲ ಹಿಡಿದುಕೊಳ್ಳುತ್ತಿತ್ತು. ಅರಿವೆಯಲ್ಲಿ ಹಿಂಡಿ, ಉಳಿದ ಉಂಡೆಯನ್ನು ಬೆಂಕಿಗಿಟ್ಟರೆ ಪಾದರಸ ಹಾರಿಹೋಗಿ ಬಂಗಾರ ಉಳಿಯುತ್ತಿತ್ತು. ಆ ಹೊಗೆಯ ಮುಂದೆಯೇ ಕೂತು ನಾನು ಪಾದರಸದ ಗುಂಡುಗಳನ್ನು ಅಂಗೈಯಲ್ಲಿ ಉರುಳಿಸುತ್ತಿದ್ದೆ. ಎಂಥ ಹುಚ್ಚಿ ನಾನು!

ತೊಳೆದ ಕೆಸರನ್ನು ಆಕೆ ಹಳ್ಳಕ್ಕೆ ಚೆಲ್ಲುತ್ತಿರಲಿಲ್ಲ. ಒಂದು ಕಣವಾದರೂ ಬಂಗಾರ ಉಳಿದಿರುತ್ತದೆ, ಚೆಲ್ಲಿದರೆ ಲಕ್ಷ್ಮಿ ಮನೆ ಬಿಡುತ್ತಾಳೆ ಎಂಬ ನಂಬಿಕೆ. ಅವ್ವ ಹೊಸ ಒಲೆ ಹಾಕಬೇಕೆಂದಾಗ ಅದೇ ಕೆಸರನ್ನು ಮಣ್ಣಿಗೆ ಕಲಸಿ ತಾನೇ ಕಟ್ಟಿಕೊಟ್ಟಳು.

"ಇದರಾಗ ಲಕ್ಷ್ಮಿ ಅದಾಳವಾ. ನಿಮ್ಮ ಮನ್ಯಾಗ ಉಣ್ಣಾಕ ಕಡಿಮಿ ಆಗೂದಿಲ್ಲ," ಅಂದಿದ್ದಳು.

ಚಳಿಗಾಲದಲ್ಲಿ ನನ್ನ ತಮ್ಮ ಆ ಒಲೆಗೆ ಒತ್ತಿಕೊಂಡೇ ಮಲಗುತ್ತಿದ್ದ. ಮುಂದೆ ಕೆಲ ವರ್ಷಗಳಲ್ಲಿ ಕಾಕುವಿನ ಕೈ ನಡುಗತೊಡಗಿತು. ಬಸಿ ಹಿಡಿದರೆ ಅರ್ಧ ಚಹಾ ಸೀರೆಗೆ. ವಯಸ್ಸಾಯಿತು ಎಂದು ತಾನೇ ನಗುತ್ತಿದ್ದಳು, ನಾವೂ ನಗುತ್ತಿದ್ದೆವು. ಆಕೆಗೆ ಆಗ ಐವತ್ತೂ ತುಂಬಿರಲಿಲ್ಲ. ಕೊನೆಗೆ ನಮ್ಮ ಗುರುತೂ ಹತ್ತದೆ ಹೋದಳು...

ಕಡಲಿನ ವಿಜ್ಞಾನ ಓದುತ್ತಿರುವ ಮಗಳಿಗೆ ಫೋನಿನಲ್ಲಿ ಬಾಟಲಿಯ ಸುದ್ದಿ, ಒಲೆಯ ಸುದ್ದಿ ಎರಡನ್ನೂ ಹೇಳಿದೆ. ಆಕೆಯ ದನಿಯೇ ಬದಲಾಯಿತು. ತೊಳೆದ ಕೆಸರಿನಲ್ಲೂ ಪಾದರಸ ಉಳಿದಿರುತ್ತದೆ, ಒಲೆ ಕಾದಾಗಲೆಲ್ಲ ಆವಿಯಾಗಿ ಹೊರಗೆ ಬರುತ್ತದೆ ಎಂದಳು. ಮುಚ್ಚಳ ತೆಗೆಯಬೇಡ, ಒಲೆ ಹಚ್ಚಬೇಡ, ಒಡೆಯಲೂ ಬೇಡ, ಧೂಳು ಏಳುತ್ತದೆ, ತಿಳಿದವರು ಬರಲಿ ಎಂದಳು. ಹೀಗೆ ಸುಟ್ಟ ಪಾದರಸ ಗಾಳಿ ಹಿಡಿದು ಉತ್ತರದ ತಣ್ಣನೆಯ ಕಡಲುಗಳತನಕ ಹೋಗುತ್ತದಂತೆ. ಅಲ್ಲಿ ತಳದ ಕೆಸರಿನಲ್ಲಿ ಕೂತು, ಮೀನಿನ ಮೈಗೆ ಸೇರಿ, ಅದನ್ನು ತಿಂದವರ ಮೈಗೂ ಬರುತ್ತದಂತೆ. ಅಷ್ಟು ದೂರ ಮುಟ್ಟುವ ವಿಷ, ಒಲೆಯ ಬುಡದಲ್ಲಿ ಮಲಗಿದ ಮಗುವನ್ನು ಬಿಟ್ಟೀತೇ?

ತಮ್ಮನ ಹೆಂಡತಿ ಈಗಲೂ ಅದರ ಮೇಲೆಯೇ ಸ್ನಾನದ ನೀರು ಕಾಯಿಸುತ್ತಿದ್ದಳು. ಬೆಂಕಿ ಆರಿಸಿದೆವು. ಕಾಕುವನ್ನು ಬೈಯಲು ಬಾಯಿ ಬರಲಿಲ್ಲ. ಪ್ರೀತಿಯಿಂದ ಕಟ್ಟಿಕೊಟ್ಟವಳು, ಈಗ ಇಲ್ಲ.

ಸಂಜೆ ತಮ್ಮ ಹೊಲದಿಂದ ಬಂದು ನನ್ನ ಮುಂದೆ ಕೂತು ಚಹಾ ಬಸಿಗೆ ಸುರಿದುಕೊಂಡ. ನಾನು ಆತನ ಮುಖ ನೋಡಲಿಲ್ಲ, ಕೈ ನೋಡಿದೆ. ಬಸಿ ಬಾಯಿ ಮುಟ್ಟುವ ಮೊದಲೇ ಚಹಾ ಅಂಗಿಯ ಮೇಲೆ ಚೆಲ್ಲಿತು. ಆತನಿಗಿನ್ನೂ ನಲವತ್ತು ತುಂಬಿಲ್ಲ.

"ವಯಸ್ಸಾತು ಅಕ್ಕಾ," ಎಂದು ನಕ್ಕ.