ಘಟ್ಟದ ಸಸಿಗೆ ಕಟ್ಟಿದ ಟ್ಯೂಬ್‌ಲೈಟು

ನನಗೆ ಸಿಟ್ಟು ಬೇಗ ಬರುವುದಿಲ್ಲ. ಬಂದರೆ ಬೇಗ ಹೋಗುವುದೂ ಇಲ್ಲ. ರಾಣೆಬೆನ್ನೂರಿನ ನಮ್ಮ ಮನೆ ಎರಡು ಪಾಲಾದ ವರ್ಷ ಬಂದ ಸಿಟ್ಟನ್ನು ನಾನು ಹನ್ನೆರಡು ತಿಂಗಳು ಉಪ್ಪಿನಕಾಯಿಯಂತೆ ಜೋಪಾನ ಮಾಡಿದೆ. ಎರಡು ಸಾವಿರದ ಇಸವಿ ದಾಟಿ ಆಗಲೇ ಮೂರ್ನಾಲ್ಕು ವರ್ಷವಾಗಿತ್ತು.

ಪಾಲಿನಲ್ಲಿ ಹಳೆಯ ದೇವರ ಮನೆ ನನ್ನ ನೆಗೆಣ್ಣಿಗೆ, ಅಂದರೆ ಗಂಡನ ಅಣ್ಣನ ಹೆಂಡತಿಗೆ ಹೋಯಿತು. ನಮಗೆ ಹಿಂದಿನ ಕಾಳಿನ ಕೋಣೆ ಬಂತು. ಅದಕ್ಕೆ ಕಿಟಕಿ ಇಲ್ಲ, ಗೋಡೆಗೆ ಸದಾ ಹಸಿ. ಅದನ್ನೇ ನಾನು ದೇವರ ಮನೆ ಮಾಡಿಕೊಂಡೆ. ಎಲ್ಲವನ್ನೂ ಹಂಚಿದ ಅತ್ತೆ ಒಂದನ್ನು ಮಾತ್ರ ಹಂಚಲಿಲ್ಲ. ಅದು ನವರಾತ್ರಿಯಲ್ಲಿ ಘಟ್ಟಕ್ಕೆ ಇಡುವ ತಾಮ್ರದ ತಂಬಿಗೆ, ಅವರ ಅತ್ತೆಯಿಂದ ಅವರ ಕೈಗೆ ಬಂದದ್ದು. ಘಟ್ಟ ಹಾಕುವುದೆಂದರೆ ದೇವರ ಮುಂದೆ ಮಣ್ಣು ಹರವಿ, ನಡುವೆ ನೀರಿನ ತಂಬಿಗೆ ಇಟ್ಟು, ಸುತ್ತ ಗೋಧಿ ಬಿತ್ತುವುದು. ಒಂಬತ್ತು ದಿನದಲ್ಲಿ ಸಸಿ ಏಳುತ್ತವೆ. ದಸರೆಯ ದಿನ ಹೆಂಗಸರು ಅವನ್ನು ಮುಡಿಯುತ್ತಾರೆ, ಗಂಡಸರು ಟೋಪಿಗೆ ಸಿಕ್ಕಿಸಿಕೊಳ್ಳುತ್ತಾರೆ. ಸಸಿ ಎತ್ತರ ಎದ್ದರೆ ಮನೆಯೂ ಏಳುತ್ತದೆ ಎಂದು ನಂಬಿಕೆ.

ಆ ವರ್ಷ ನನ್ನ ಗೋಧಿ ಏಳಲಿಲ್ಲ, ಕೊಳೆಯಿತು. ದಸರೆಯ ದಿನ ಓಣಿಯ ಹೆಂಗಸರೆಲ್ಲ ಕುಳಿತಿದ್ದಾಗ ನೆಗೆಣ್ಣಿ ನಗುತ್ತಲೇ ಹೇಳಿದಳು: "ಅಕಿ ಕೈಯಾಗ ಹುಲ್ಲು ಸೈತ ಏಳಂಗಿಲ್ಲ ಬಿಡ್ರಿ."

ಎಲ್ಲರೂ ನಕ್ಕರು. ಅತ್ತೆ ನಗಲಿಲ್ಲ. "ಒಂದ ವರ್ಷ ನೋಡಿ ಹೇಳೂ ಮಾತಲ್ಲ ಇದು. ಮುಂದಿನ ವರ್ಷ ಇಬ್ರೂ ಹಾಕ್ರಿ. ಯಾರ ಸಸಿ ಎತ್ತರ ಬರತಾವೋ, ತಂಬಿಗಿ ಅವರಿಗೆ," ಎಂದರು.

ಆ ತಂಬಿಗೆ ನನಗೇ ಬರಬೇಕು, ಅದೂ ಅದೇ ಹೆಂಗಸರ ಮುಂದೆ, ಆಗ ಅವಳ ಮುಖ ಬಾಡುವುದನ್ನು ನಾನು ಕಣ್ಣಾರೆ ನೋಡಬೇಕು. ಅಂದಿನಿಂದ ನನಗಿದ್ದದ್ದು ಇದೊಂದೇ ಹಟ. ಕೊಳೆತದ್ದು ಹಸಿಯಿಂದ ಎಂದು ಈಗ ಗೊತ್ತು. ಆಗ ಮಾತ್ರ ಕತ್ತಲೆಯೇ ಕಾರಣವೆಂದು ನಂಬಿದ್ದೆ. ಅವಳ ದೇವರ ಮನೆಯೂ ಕತ್ತಲೆಯದೇ ಎಂದು ಮನಸ್ಸು ಹೇಳಿತು. ಕತ್ತಲೆಯಲ್ಲೇ ಅವಳ ಸಸಿ ಗೇಣುದ್ದ ಬೆಳೆದರೆ ಬೆಳಕಿನಲ್ಲಿ ಇನ್ನೆಷ್ಟು ಬೆಳೆಯಬೇಡ ಎಂದು ನಾನೇ ಉತ್ತರ ಕೊಟ್ಟುಕೊಂಡೆ. ನಾನು ಮೋಟೆಬೆನ್ನೂರಿನ ಶಾಲೆಯಲ್ಲಿ ಕಲಿಸುತ್ತಿದ್ದದ್ದು ಕನ್ನಡ, ವಿಜ್ಞಾನವಲ್ಲ.

ಮಳೆಗಾಲದ ಹೊತ್ತಿಗೆ ಕೋಣೆಯ ಗೋಡೆಗೆ ಗಿಲಾವು ಮಾಡಿಸಿ, ಹಳೆಯ ಬುಟ್ಟಿಯೊಂದರಲ್ಲಿ ಗೋಧಿ ಬಿತ್ತಿ ಬಲ್ಬುಗಳ ಪರೀಕ್ಷೆ ಶುರು ಮಾಡಿದೆ. ಮೊದಲು ಮನೆಯಲ್ಲಿದ್ದ ನೂರರ ಬಲ್ಬು ಇಳಿಬಿಟ್ಟೆ. ಎರಡೇ ದಿನದಲ್ಲಿ ಮಣ್ಣು ಒಣಗಿ, ಸಸಿಯ ತುದಿ ಸುಟ್ಟಿತು. ಶಾಲೆ ಬಿಟ್ಟ ಮೇಲೆ ಬ್ಯಾಡಗಿಗೆ ಹೋದೆ. ಅಲ್ಲಿನ ಅಂಗಡಿಯವನು ಬೇರೊಂದು ಬಲ್ಬು ತೆಗೆದು, "ಇದರ ಕೆಳಗ ಮೆಣಸಿನಕಾಯಿ ಹಿಡೀರಿ ಟೀಚರ್, ನಿನ್ನೆ ಗಿಡದಿಂದ ಹರಿದಂಗ ಕೆಂಪ ಕಾಣತಾವ," ಎಂದ. ಮೆಣಸಿನಕಾಯಿಗೆ ಆಗುವುದು ಗೋಧಿಗೆ ಆಗದೇ ಎಂದು ತಂದೆ. ಅದರ ಕೆಳಗೆ ಸಸಿ ಬಹಳ ಚೆಂದ ಕಂಡವು. ಬುಟ್ಟಿಯನ್ನು ಹೊರಗೆ ತಂದು ನೋಡಿದರೆ ಅದೇ ಬಿಳಚಿಕೊಂಡ ಮುಖ. ಬಲ್ಬು ಚೆಲುವನ್ನು ತೋರಿಸುತ್ತಿತ್ತೇ ಹೊರತು ಕೊಡುತ್ತಿರಲಿಲ್ಲ. ಹಾವೇರಿಯಿಂದ ತಂದ ಸುರುಳಿಯಾಕಾರದ ಸಿಎಫ್‌ಎಲ್‌ಗೆ ಬುಟ್ಟಿಯ ನಡುವಿನ ಸಸಿ ಮಾತ್ರ ಒಪ್ಪಿದವು, ಅಂಚಿನವು ಅದರತ್ತ ಬಾಗಿ ನಮಸ್ಕಾರ ಮಾಡುತ್ತ ನಿಂತವು.

ಕೊನೆಗೆ ನನ್ನ ತರಗತಿಯ ಹುಡುಗಿಯೊಬ್ಬಳ ತಂದೆಯನ್ನು ಕೇಳಿದೆ. ಅವರು ರಾಣೆಬೆನ್ನೂರಿನ ಬೀಜದ ಕಂಪನಿಯೊಂದರಲ್ಲಿ ಮೊಳಕೆ ಪರೀಕ್ಷೆ ಮಾಡುವ ಕೋಣೆಯಲ್ಲಿ ಕೆಲಸಕ್ಕಿದ್ದರು. "ಬಣ್ಣದ ಬಲ್ಬ್ ಬಿಡ್ರಿ. ಬಿಳಿ ಟ್ಯೂಬ್‌ಲೈಟ್ ಹಚ್ಚರಿ, ಸಸಿಗಿಂತ ಒಂದ ಗೇಣ ಮ್ಯಾಲ ಇರಲಿ. ಸಸಿ ಗಿಡ್ಡ ಆದ್ರೂ ಗಟ್ಟಿ ಬರತಾವ," ಎಂದರು. ಗಟ್ಟಿ ಎಂಬುದನ್ನು ಮನೆಗೆ ತಂದೆ. ಗಿಡ್ಡ ಎಂಬುದನ್ನು ಮೋಟೆಬೆನ್ನೂರಿನ ಬಸ್ ಸ್ಟ್ಯಾಂಡಿನಲ್ಲೇ ಬಿಟ್ಟೆ. ಹಟ ಹಿಡಿದವರಿಗೆ ಬೇಕಾದಷ್ಟೇ ಕೇಳಿಸುತ್ತದೆ.

ನವರಾತ್ರಿ ಬಂತು. ಎರಡಡಿಯ ಟ್ಯೂಬ್‌ಲೈಟನ್ನು ತೊಲೆಯಿಂದ ಹಗ್ಗ ಕಟ್ಟಿ ಇಳಿಬಿಟ್ಟೆ. ಕರೆಂಟ್ ಇದ್ದಷ್ಟು ಹೊತ್ತೂ ಅದು ಉರಿಯುತ್ತಿತ್ತು. ಸಸಿ ಎದ್ದವು, ಗಿಳಿಯ ಹಾಗೆ ಹಸಿರು. ಅಂಥ ಘಟ್ಟವನ್ನು ನಾನು ಎಲ್ಲೂ ಕಂಡಿರಲಿಲ್ಲ. ಶಾಲೆಯಲ್ಲಿ ಪಾಠ ಮಾಡುವಾಗಲೂ ನಗು ಉಕ್ಕುತ್ತಿತ್ತು.

ಐದನೆಯ ದಿನ ಅರಿಷಿಣ ಕುಂಕುಮಕ್ಕೆ ನೆಗೆಣ್ಣಿಯ ಮನೆಗೆ ಹೋದೆ. ಅವಳ ದೇವರ ಮನೆಯಲ್ಲಿ ಎಣ್ಣೆಯ ದೀಪ ಒಂದೇ. ಅದರ ಮಂದ ಬೆಳಕಿನಲ್ಲಿ ಅವಳ ಸಸಿ ತೆಳ್ಳಗೆ, ಹಳದಿಯಾಗಿ, ನನ್ನವಕ್ಕಿಂತ ಎರಡು ಬೆರಳು ಎತ್ತರ ನಿಂತಿದ್ದವು. ಬಿಟ್ಟುಬಂದಿದ್ದ ಆ ಮಾತು ಅಲ್ಲೇ ನೆನಪಾಯಿತು. ಬೆಳಕು ಸಿಗದ ಸಸಿ ಬೆಳಕನ್ನು ಹುಡುಕುತ್ತ ಉದ್ದವಾಗುತ್ತದೆ. ಹೊಟ್ಟೆ ತುಂಬ ಬೆಳಕು ಉಂಡದ್ದು ಕುಳಿತಲ್ಲೇ ಕೂರುತ್ತದೆ. ವರ್ಷವಿಡೀ ಊರೂರು ತಿರುಗಿ ನನ್ನ ಸೋಲನ್ನು ನಾನೇ ಆರಿಸಿ ತಂದಿದ್ದೆ.

"ನಿಮ್ಮಲ್ಲಿ ಅದೇನ ಅಷ್ಟ ಬೆಳಕ ಕಾಣತೈತಿ?" ಎಂದು ಅವಳೇ ಕೇಳಿದಳು.

ಹೇಳಲು ನಾಚಿಕೆಯಾಗುತ್ತದೆ, ಆದರೆ ಆ ಗಳಿಗೆಯಲ್ಲಿ ನಾಚಿಕೆಯಾಗಲಿಲ್ಲ, ಹಿಗ್ಗಾಯಿತು. ಮರುದಿನ ಬೆಳಿಗ್ಗೆಯೇ ಟ್ಯೂಬ್‌ಲೈಟು ಬಿಚ್ಚಿಕೊಂಡು ಹೋಗಿ, "ಅಕ್ಕಾರ, ನನ್ನ ಸಸಿ ಸಾಕಷ್ಟ ಬೆಳಕ ಉಂಡಾವ. ಇನ್ನ ನಿಮ್ಮವು ಉಣ್ಣಲಿ," ಎಂದೆ. ನಾನೇ ಸ್ಟೂಲು ಹತ್ತಿ ಕಟ್ಟಿದೆ. ಗೇಣು ಅಳೆದು ನೋಡಿ, ಇನ್ನೂ ಸ್ವಲ್ಪ ಕೆಳಗಿಳಿಸಿದೆ. ಅವಳು ಸ್ಟೂಲು ಹಿಡಿದುಕೊಂಡು ನನ್ನನ್ನೇ ನೋಡುತ್ತಿದ್ದಳು. ಮನೆಗೆ ಬಂದು ನನ್ನ ದೇವರ ಮನೆಯ ಬಾಗಿಲು ಮುಂದೆ ಮಾಡಿದೆ.

ದಸರೆಯ ದಿನ ಅದೇ ಹೆಂಗಸರು ಸೇರಿದರು. ಅವಳ ಸಸಿ ಹಸಿರಾಗಿ, ನಿಂತಲ್ಲೇ ನಿಂತಿದ್ದವು. ನನ್ನವು ಕತ್ತಲೆಯಲ್ಲಿ ಬುಡದಿಂದ ಹಳದಿಯಾಗಿ ಎದ್ದಿದ್ದವು. ಅತ್ತೆ ಎರಡನ್ನೂ ಬೆರಳಿಟ್ಟು ಅಳೆದು, "ಸಣ್ಣ ಸೊಸಿದು ಒಂದ ಬೆರಳ ಹೆಚ್ಚೈತಿ," ಎಂದರು. ನಾನು ಸಸಿಯನ್ನೂ ನೋಡಲಿಲ್ಲ, ಅತ್ತೆಯನ್ನೂ ನೋಡಲಿಲ್ಲ. ವರ್ಷದಿಂದ ಕಾದಿದ್ದ ಆ ಮುಖವನ್ನೇ ನೋಡಿದೆ.

ಅದು ಬಾಡಲಿಲ್ಲ. ಅವಳು ಎದ್ದು ತಾನೇ ತಂಬಿಗೆ ತಂದು ನನ್ನ ಕೈಗಿಟ್ಟಳು. ಆಮೇಲೆ ಹೆಂಗಸರ ಕಡೆ ತಿರುಗಿ, "ಹ್ವಾದ ವರ್ಷ ಇಕಿಗೆ ನಾ ಅನ್ನಬಾರದ್ದ ಅಂದೆ. ಇಕಿ ಅದನ್ನ ಮನಸಿನ್ಯಾಗ ಇಟ್ಕೊಳ್ಳಲಿಲ್ಲ. ತನ್ನ ಬೆಳಕ ಬಿಚ್ಚಿ ತಂದು ನನ್ನ ದೇವರಿಗೆ ಕಟ್ಟಿದ್ಲು. ನಾ ಆಗಿದ್ರ ಕೊಡತಿರಲಿಲ್ಲ," ಎಂದಳು.

ಹೆಂಗಸರು ತಲೆದೂಗಿದರು. ನನಗೆ ಮೈಯೆಲ್ಲ ಉರಿಯಿತು. ಅವಳು ಸೋತು ಅತ್ತಿದ್ದರೆ ನಾನು ಸುಖವಾಗಿ ಇರುತ್ತಿದ್ದೆ. ಕ್ಷಮೆ ಕೇಳಿ ಅವಳು ನನ್ನ ಸೇಡನ್ನೂ ತನ್ನ ಪಾಲಿಗೆ ಹಾಕಿಕೊಂಡಳು.

ಈಗಲೂ ಮದುವೆ ಮುಂಜಿಯಲ್ಲಿ ಹೊಸಬರು ಸಿಕ್ಕರೆ ಅವಳು ನನ್ನ ಕೈ ಹಿಡಿದು ಅದೇ ಕಥೆ ಹೇಳುತ್ತಾಳೆ, ನಾನು ತಲೆ ತಗ್ಗಿಸಿ ನಿಲ್ಲುತ್ತೇನೆ. ಎಷ್ಟು ಸಣ್ಣ ಮನಸ್ಸಿನಿಂದ ಅದನ್ನು ಕೊಟ್ಟೆ ಎಂದು ಹೇಳಿಬಿಟ್ಟು, ಆ ಮುಖ ಬಾಡುವುದನ್ನು ಒಮ್ಮೆಯಾದರೂ ನೋಡಬೇಕೆಂಬ ಆಸೆ ಇನ್ನೂ ಸತ್ತಿಲ್ಲ. ಬಾಯಿಯವರೆಗೆ ಬರುತ್ತದೆ. ಆದರೆ ಈ ಊರಿನಲ್ಲಿ ನನ್ನನ್ನು ಒಳ್ಳೆಯವಳೆಂದು ನಂಬಿದವಳು ಅವಳೊಬ್ಬಳೇ.